ಗುಮ್ಮಟದಡಿಯ ಉಪನ್ಯಾಸ

ನಮ್ಮ ವಿಚಾರ ವೇದಿಕೆಯ ಸಭೆಗಳಿಗೆಂದು ಬಿದಿರಿನ ಗುಮ್ಮಟ ಕಟ್ಟಲು ಹೊರಟವನು ನಾನೇ. ಗಣಿತದ ನಿವೃತ್ತ ಮೇಷ್ಟ್ರು ನೋಡಿ, ಗಳಗಳನ್ನು ತ್ರಿಕೋನ ತ್ರಿಕೋನವಾಗಿ ಬಿಗಿದರೆ ನಡುವೆ ಕಂಬವೇ ಬೇಡವೆಂದು ಸಿಕ್ಕಸಿಕ್ಕವರಿಗೆಲ್ಲ ಪಾಠ ಮಾಡಿದ್ದೆ.

ಬುಟ್ಟಿ ಹೆಣೆಯುವ ಕೆಂಚಪ್ಪ ಮಾತ್ರ ತಲೆ ಕೆರೆದುಕೊಂಡ. "ಹುಣ್ಣಿಮೆ ಹತ್ರ ಬಂತು ಸಾ. ಈಗ ಬಿದಿರು ಕಡಿದ್ರೆ ಹುಳ ಹಿಡಿದು ಹಿಟ್ಟು ಉದುರ್ತದೆ. ಅಮಾಸೆ ತನಕ ತಡೀರಿ."

"ಹುಳದ ಮನೇಲಿ ಪಂಚಾಂಗ ಇದೆಯೇನಯ್ಯಾ?" ಎಂದೆ. ಸುತ್ತಲಿದ್ದವರು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ಆ ವಾರವೇ ಬಿದಿರು ಕಡಿಸಿ ಕಟ್ಟಿಸಿದ ಗುಮ್ಮಟ ಮೂರು ತಿಂಗಳಾದರೂ ಅಲ್ಲಾಡಲಿಲ್ಲ. ಅದರಡಿಯಲ್ಲೇ 'ಪವಾಡ ರಹಸ್ಯ ಬಯಲು' ಎಂಬ ನನ್ನ ಉಪನ್ಯಾಸ. ಊರೇ ಸೇರಿತ್ತು. ನನಗೆ ಆವೇಶ ಬಂತು. "ಗಾಳಿಯಿಂದ ವಿಭೂತಿ ಉದುರಿಸುವವರನ್ನು ನಂಬಬೇಡಿ!" ಎಂದು ಪಕ್ಕದ ಗಳಕ್ಕೆ ಬಲವಾಗಿ ಗುದ್ದಿದೆ.

ಮೇಲಿನಿಂದ ಬೆಳ್ಳನೆಯ ಹಿಟ್ಟು ಸಭೆಯ ಮೇಲೆಲ್ಲ ಸುರಿಯಿತು. ಹಿಂದೆ ಕೂತಿದ್ದ ಕೆಂಚಪ್ಪ ನನ್ನ ಮುಖವನ್ನೇ ನೋಡಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನ ಅಜ್ಜಿಯೊಬ್ಬರು ಅದನ್ನು ಹಣೆಗೆ ಬಳಿದುಕೊಂಡು, "ಸ್ವಾಮೀ" ಎನ್ನುತ್ತ ನನ್ನ ಕಾಲಿಗೆ ಅಡ್ಡಬಿದ್ದರು.