ಗಾಡಿಯ ಕೆಂಡ

ಬೆಟ್ಟದ ತೋಟಗಳಿಗೆ ಹೊರಟಿದ್ದ ಗೊಬ್ಬರದ ಗಾಡಿಯ ನೊಗಕ್ಕೆ ಎರಡೂ ಕೈಗಳನ್ನು ಅಡ್ಡ ಕೊಟ್ಟು ನಿಂತು, ಮಾಗಿಯ ಸಗಣಿ ಮಾರಾಟಕ್ಕಲ್ಲ, ಮನೆಯ ಒಲೆಗೆ ಎಂದು ಮಸಿನಗುಡಿಯ ಗಂಡಸರಿಂದ ಊರಕಟ್ಟೆಯ ಮೇಲೆ ಮಾತು ಪಡೆದವಳು ಚನ್ನಾಜಮ್ಮ. ಆಗ ಅವಳಿಗೆ ತುಂಬು ಹರೆಯ. ಕಾಡಿಗೆ ಸರ್ಕಾರದ ಗಡಿಕಲ್ಲು ಬಿದ್ದು, ಸೌದೆಗೆ ಹೋದ ಹೆಂಗಸರ ಕುಡುಗೋಲು ಗಾರ್ಡಿನ ಪಾಲಾಗುತ್ತಿದ್ದ ಕಾಲ ಅದು. ಊರಿನ ಸಗಣಿಯೆಲ್ಲ ಸೀಗೂರು ಘಾಟಿ ಹತ್ತಿ ತೋಟಗಳಿಗೆ ಹೋಗುತ್ತಿತ್ತು; ಊರಿನ ಒಲೆಗಳು ಬಾಯಿ ತೆರೆದುಕೊಂಡು ಬರಿದೇ ಬಿದ್ದಿದ್ದವು. ಅಂದು ಪಡೆದ ಮಾತನ್ನು ಊರು ಇಷ್ಟು ವರ್ಷ ಮೀರಿರಲಿಲ್ಲ. ಈ ಮಾಗಿಯಲ್ಲಿ ಮೀರಿದವನು ಅವಳ ಸ್ವಂತ ಮಗ ಕಾಳಯ್ಯ.

ಬೆಳಗ್ಗೆ ಎದ್ದು ಹಿತ್ತಿಲಿಗೆ ಹೋದ ಮುದುಕಿಗೆ ಬೆರಣಿಯ ಗೂಡು ಕಾಣಲಿಲ್ಲ. ಕಾರ್ತಿಕವೆಲ್ಲ ಸೊಂಟ ನೋಯಿಸಿಕೊಂಡು ತಟ್ಟಿ, ಒಣಗಿಸಿ, ಇಬ್ಬನಿ ತಾಕದಂತೆ ಹುಲ್ಲು ಹೊದಿಸಿ ಒಟ್ಟಿದ್ದ ಗೂಡು. ಅದರ ಜಾಗದಿಂದ ಅಂಗಳದ ಗಾಡಿಯವರೆಗೆ ಕಂದು ಪುಡಿ ಚೆಲ್ಲಿತ್ತು. ಹಸಿ ಸಗಣಿಯಿಂದ ಗಾಡಿ ತುಂಬದೆ ಹೋದಾಗ ಕಾಳಯ್ಯ ಬೆರಣಿಗಳನ್ನೂ ಒಡೆದು ಪುಡಿಮಾಡಿ ಮೇಲೆ ಸುರಿದಿದ್ದ. ಒಳಕೋಣೆಯಲ್ಲಿ ಅವನ ಮಗಳು ಸಿದ್ದಾಜಮ್ಮ, ಹೆರಿಗೆಗೆಂದು ತವರಿಗೆ ಬಂದವಳು, ಹಸುಗೂಸನ್ನು ಅಪ್ಪಿಕೊಂಡು ಮಲಗಿದ್ದಳು.

ಕಾಳಯ್ಯ ನಾಚಲಿಲ್ಲ. ಊಟಿಯ ಅಂಗಡಿಯೊಂದರಲ್ಲಿ ತಾನು ನೋಡಿಬಂದ ಉಣ್ಣೆಯ ಕೋಟನ್ನು ವರ್ಣಿಸಿದ; ಚಹಾ ತೋಟದವರು ಗೊಬ್ಬರಕ್ಕೆ ಬಾಯಿಬಿಡುತ್ತಿರುವಾಗ ಕೊಡದವನು ಮೂಢನೆಂದ. ಬಳಿಕ ಮಾಗಿಯಲ್ಲಿ ಉರುವಲು ಮಿಗಿಸುವ ಬಗೆಯನ್ನು ಹೆತ್ತವಳಿಗೆ ಬೋಧಿಸಿದ. ಬೆಳಗ್ಗೆ ಒಮ್ಮೆ ಬೇಯಿಸಿದರೆ ಸಾಕಂತೆ, ರಾತ್ರಿಗೆ ತಂಗಳಂತೆ, ಬಾಣಂತಿಗೆ ದಿನವೂ ಹಂಡೆ ತುಂಬ ಬಿಸಿನೀರು ಏಕಂತೆ.

ಚನ್ನಾಜಮ್ಮನ ಮೈ ಉರಿದುಹೋಯಿತು. ಅವರೆಕಾಳನ್ನು ಹಿಂದಿನ ಸಂಜೆಯೇ ನೆನೆಹಾಕುವವಳು ಅವಳು. ಅರೆಬೆಂದ ಮಡಕೆಯನ್ನು ಬಿಸಿಬೂದಿಯಲ್ಲಿ ಹೂತು, ಮಿಕ್ಕದ್ದನ್ನು ಬೂದಿಯ ಕಾವಿಗೇ ಬಿಟ್ಟು, ಹಾಗೆ ಉಳಿಸಿದ ಬೆರಣಿಯಲ್ಲಿ ಮನೆಯವರಿಗೆಲ್ಲ ಮೀಯಲು ನೀರು ಕಾಯಿಸುವವಳು. ಆ ನೀರಿನಲ್ಲಿ ಅರ್ಧವನ್ನು ತಾನೊಬ್ಬನೇ ಸುರಿದುಕೊಂಡು, ಒಲೆಗೆ ಬೆನ್ನೊಡ್ಡಿ ಕೂರುವ ಗಂಡಸು ಅವಳಿಗೆ ಮಿತವ್ಯಯ ಕಲಿಸುತ್ತಿದ್ದ.

"ಕೋಟು ನಿನ್ನೊಬ್ಬನ ಬೆನ್ನಿಗೆ ಕಣೋ," ಎಂದಳು. "ಒಲೆ ಮನೆಗೆಲ್ಲ. ಕಟ್ಟೆ ಮೇಲೆ ಕೊಟ್ಟ ಮಾತು ಮರೆತೆಯಾ?"

"ಹಳೇ ಮಾತು ಕಣವ್ವ. ಅವತ್ತು ಕಟ್ಟೇಲಿ ಕೂತಿದ್ದೋರು ಒಬ್ಬರೂ ಇವತ್ತಿಲ್ಲ."

"ಮಾತು ಕೊಟ್ಟೋರು ಹೋದರು. ಇಸ್ಕೊಂಡೋಳು ಇನ್ನೂ ಇದ್ದೀನಿ."

ಅಷ್ಟು ಹೇಳಿ ಒಳಗೆ ಹೋಗಿ, ತಣ್ಣಗಿದ್ದ ಒಲೆಯ ಮುಂದೆ ಕಾಲು ಚಾಚಿ ಕೂತಳು. ಸ್ವಲ್ಪ ಹೊತ್ತಿಗೆ ಗಾಡಿ ಹೊಡೆಯುವ ಭೀಮ ಮಣ್ಣಿನ ಕುಡಿಕೆ ಹಿಡಿದುಕೊಂಡು ಹೊಸ್ತಿಲಿಗೆ ಬಂದ. ಘಾಟಿ ಹತ್ತುವ ಗಾಡಿಗಳ ಅಡಿಯಲ್ಲಿ ಕೆಂಡದ ಕುಡಿಕೆಯೊಂದು ತೂಗುತ್ತದೆ. ಚಳಿಗೆ ಕೈ ಕಾಯಿಸಲು ಅದೇ, ದಾರಿಯಲ್ಲಿ ಆನೆ ಎದುರಾದರೆ ಪಂಜು ಹೊತ್ತಿಸಲೂ ಅದೇ. ಆ ಕೆಂಡವನ್ನು ಸರಕು ಕೊಟ್ಟ ಮನೆಯ ಹೆಂಗಸೇ ತನ್ನ ಒಲೆಯಿಂದ ತೆಗೆದು ಹಾಕಬೇಕು. ಮನೆಯ ಕೆಂಡವಿಲ್ಲದ ಗಾಡಿ ಕದ್ದ ಮಾಲಿನ ಗಾಡಿ ಎಂಬುದು ಗಾಡಿಯವರಲ್ಲಿ ತಲೆಮಾರಿನ ನಂಬಿಕೆ.

"ಒಂದೆರಡು ಕೆಂಡ ಹಾಕವ್ವ, ಹೊತ್ತಾಯ್ತು," ಎಂದ ಭೀಮ.

"ನಿನ್ನ ಗಾಡೀಲೇ ಇದ್ದಾವಲ್ಲಪ್ಪ ಕೆಂಡ. ಇನ್ನೂ ಹೊತ್ತಿಲ್ಲ ಅಷ್ಟೇ."

ಭೀಮ ಒಲೆಯನ್ನು ನೋಡಿದ, ಮುದುಕಿಯ ಮುಖವನ್ನು ನೋಡಿದ. ಮನೆಯಲ್ಲಿ ಆ ಹೊತ್ತಿಗೆ ಇದ್ದ ಬೆಂಕಿ ಬಾಣಂತಿಯ ಮಂಚದ ಬಳಿಯ ಅಗ್ಗಿಷ್ಟಿಕೆಯದೊಂದೇ. ಅದೂ ಬೂದಿ ಮುಚ್ಚಿ ಕಣ್ಣು ಕಿರಿದು ಮಾಡಿಕೊಳ್ಳುತ್ತಿತ್ತು. ಹೆತ್ತ ಕೋಣೆಯ ಬೆಂಕಿಯನ್ನು ಹೊರಗೆ ಕೊಡುವ ಪದ್ಧತಿಯಿಲ್ಲ. ಕೇಳುವಷ್ಟು ಕೆಟ್ಟವನು ಭೀಮನೂ ಅಲ್ಲ.

ಕಾಳಯ್ಯ ಸೊಂಟದಿಂದ ಬೆಂಕಿಪೊಟ್ಟಣ ತೆಗೆದು ಮುಂದೆ ಹಿಡಿದ. ಭೀಮ ಮುಟ್ಟಲಿಲ್ಲ.

"ಕಡ್ಡಿ ಗೀರಿದರೆ ಬೆಂಕಿ ಬರ್ತದೆ ಕಾಳಯ್ಯ. ಮನೆಯ ಒಪ್ಪಿಗೆ ಬರ್ತದಾ? ಒಳಗೆ ಎಳೆಗೂಸಿದೆ ಅಂತ ನೀನು ನನಗೆ ಹೇಳಲೇ ಇಲ್ಲ."

ಅವನು ಎತ್ತುಗಳ ಕೊರಳು ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋದ. ನೊಗ ನೆಲಕ್ಕೆ ಬಾಗಿತು. ಹರೆಯದಲ್ಲಿ ತಡೆಯಲು ಎರಡು ಕೈ ಬೇಕಾಗಿದ್ದ ಗಾಡಿ, ಈ ಸಲ ಮುದುಕಿ ಕೂತ ಜಾಗದಿಂದ ಏಳದೆಯೇ ನಿಂತಿತ್ತು. ನೆರೆಹೊರೆಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಎಲ್ಲರ ಕಣ್ಣೂ ಗಾಡಿಯ ಮೇಲಿನ ಪುಡಿಯ ಮೇಲಿತ್ತು. ಆ ನೋಟವನ್ನು ತಾಳಲಾರದೆ ಕಾಳಯ್ಯ ಮಂಕರಿ ತಂದು ಪುಡಿಯನ್ನು ಇಳಿಸತೊಡಗಿದ. ಪುಡಿಯಾಗದೆ ಉಳಿದಿದ್ದ ತುಂಡುಗಳನ್ನು ಹೆಂಗಸರು ಆರಿಸಿ ಒಲೆಗೆ ಒಟ್ಟಿದರು. ಹಂಡೆಗೆ ನೀರು ಬಿತ್ತು.

"ಇನ್ನು ಈ ಪುಡೀನ ಏನು ಮಾಡ್ಲಿ?" ಎಂದು ಅವನು ನೆಲ ನೋಡುತ್ತ ಕೇಳಿದ.

"ಹಸಿ ಸಗಣಿ ಜತೆ ಕಲಸು. ಒಡೆದ ಕೈಯೇ ತಟ್ಟಲಿ," ಎಂದಳು ಚನ್ನಾಜಮ್ಮ. ಆ ಊರಿನಲ್ಲಿ ಗಂಡಸು ಬೆರಣಿ ತಟ್ಟಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಸಿದ್ದಾಜಮ್ಮ ಮಿಂದು, ಕೂದಲಿಗೆ ಹೊಗೆ ಹಿಡಿದು, ಕೂಸನ್ನು ಬೆಚ್ಚಗೆ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅವಳ ಬೆನ್ನ ಹಿಂದಿನ ಗೋಡೆಯ ಆಚೆ, ಹಿತ್ತಿಲಿನಲ್ಲಿ, ಪಟ್ ಪಟ್ ಎಂದು ಪಳಗದ ಕೈಯ ಸದ್ದು.

"ಅಜ್ಜಿ, ಅವತ್ತು ನೊಗ ಹಿಡಿದು ನಿಂತಿದ್ದಲ್ಲ, ಅದನ್ನ ಇನ್ನೊಂದು ಸಲ ಹೇಳು," ಎಂದಳು. "ಸ್ವಲ್ಪ ಗಟ್ಟಿಯಾಗಿ ಹೇಳು. ಗೋಡೆ ಹಿಂದಕ್ಕೂ ಕೇಳಲಿ."