ಗಂಟೆ ಅವಳ ಕೈಯಲ್ಲಿತ್ತು

ಅನಾಥಾಲಯದ ಸಹಾಯಾರ್ಥ ಬಾಕ್ಸಿಂಗ್ ಪಂದ್ಯ. ಹೆಸರು ಬರುತ್ತದೆಂದು ಟ್ರಸ್ಟಿನ ಅಧ್ಯಕ್ಷರೇ ರಿಂಗಿಗೆ ಇಳಿದಿದ್ದರು. ಅವರ ಮೈಮೇಲೆ ಬೀಳುವ ಒಂದೊಂದು ಏಟಿಗೂ ದಾನಿಗಳು ಹಣ ಕೊಡಬೇಕು, ತಾನು ಗಂಟೆ ಹೊಡೆದಾಗಲೇ ಆಟ ಮುಗಿಯಬೇಕು ಎಂದು ಏರ್ಪಾಡು ಮಾಡಿದವಳು ಕಾರ್ಯಕ್ರಮದ ಮ್ಯಾನೇಜರ್.

ಮೆತ್ತಗೆ ನಾಲ್ಕು ಏಟು ಎಂದು ಮಾತಾಗಿತ್ತು. ಆದರೆ ಪಂದ್ಯ ಶುರುವಾದದ್ದೇ ತಡ, ಅವಳು ಬಾಡಿಗೆಗೆ ಕರೆಸಿದ್ದ ಬಾಕ್ಸರನಿಗೆ ಕೂಗಿದಳು: "ಜೋರಾಗಿ ಹೊಡಿಯಪ್ಪಾ, ಜನ ನೋಡ್ತಿದಾರೆ!"

ಅಧ್ಯಕ್ಷರ ಮೂಗು ಒಡೆಯಿತು. ತುಟಿ ಸೀಳಿತು. ಬಿಳಿ ಬನಿಯನ್ ಕೆಂಪಾಯಿತು. ಸಭಾಂಗಣವಿಡೀ ಶಿಳ್ಳೆ ಹೊಡೆಯಿತು.

"ಸಾಕು ಕಣೇ, ಗಂಟೆ ಹೊಡಿ!" ಅಧ್ಯಕ್ಷರು ಹಗ್ಗಕ್ಕೆ ಜೋತುಬಿದ್ದು ಕಿರುಚಿದರು.

"ಇನ್ನೂ ಸ್ವಲ್ಪ ಸಹಿಸ್ಕೊಳ್ಳಿ ಸಾರ್. ಮಕ್ಕಳಿಗೋಸ್ಕರ."

ಮುಂದಿನ ಏಟು ಪಕ್ಕೆಗೆ ಬಿತ್ತು. ಅವರು ಮಂಡಿಯೂರಿ ಬಿಕ್ಕಿಬಿಕ್ಕಿ ಅಳತೊಡಗಿದರು. ಬಾಕ್ಸರ್ ಎತ್ತಿದ ಕೈಯನ್ನು ತಡೆದು ಅವಳತ್ತ ತಿರುಗಿದ.

"ಮೇಡಂ, ಸಾಹೇಬ್ರು ಅಳ್ತಾ ಇದಾರೆ. ಇನ್ನೂ ಹೊಡೀಬೇಕಾ?"

ಅವಳು ಗಂಟೆಯ ಸುತ್ತಿಗೆಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟಳು.

"ನಮ್ಮನೇಲಿ ಇವ್ರು ಕೈ ನಿಲ್ಸೋದು, ನಾನು ಅಳೋದು ನಿಲ್ಸಿದ್ಮೇಲೇನೇ."