ಕಾಮಗಾರಿ ಪೂರ್ಣಗೊಂಡಿದೆ

ಮೊಬೈಲಿನ ನೇರಪ್ರಸಾರದಲ್ಲಿ ಮಂತ್ರಿಗಳು ಓದಿದ ಸಾಲು ಕಿವಿಗೆ ಬಿದ್ದದ್ದೇ ತಡ, ಸಿದ್ದೇಶನ ಬಾಯಿಗೆ ಹೊರಟಿದ್ದ ಮಿರ್ಚಿ ನಡುದಾರಿಯಲ್ಲೇ ನಿಂತಿತು.

“ಹಾವೇರಿ ತಾಲ್ಲೂಕಿನ ಕರೆಬಸಾಪುರದ ಶಾಲೆಯಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಕಾಮಗಾರಿ ಪೂರ್ಣಗೊಂಡಿದ್ದು, ಬಳಕೆಯಲ್ಲಿದೆ ಎಂದು ಮಾನ್ಯ ಸದಸ್ಯರ ಗಮನಕ್ಕೆ ತರಬಯಸುತ್ತೇನೆ.”

ಅಧಿವೇಶನ ಬೆಳಗಾವಿಯಲ್ಲಿ. ನಡುಕ ಮಾತ್ರ ಹಾವೇರಿಯ ಕಚೇರಿಯಲ್ಲಿ. ಸಿದ್ದೇಶ ಇಲಾಖೆಯ ಎಂಜಿನಿಯರ್. ಆ ಉತ್ತರಕ್ಕೆ ಸಹಿ ಹಾಕಿ ಕಳಿಸಿದವನು ಅವನೇ. ಓದಿ ಹಾಕಿದ್ದನೇ? ಎಲ್ಲಿ ಓದುವುದು! ಅವತ್ತು ಒಂದೇ ಸಲಕ್ಕೆ ನಲವತ್ತು ಉತ್ತರ ಬಂದಿದ್ದವು, ಮೇಲಾಗಿ ಮದುವೆ ಊಟಕ್ಕೆ ಹೊತ್ತಾಗಿತ್ತು. ಗುಮಾಸ್ತೆ ಜರೀನಾ ಹಾಳೆ ತಿರುವುತ್ತ ಹೋದಳು, ಇವನು ಪೆನ್ನು ಓಡಿಸುತ್ತ ಹೋದ.

ಕರೆಬಸಾಪುರ ಕರ್ಜಗಿಯಿಂದಾಚೆಗಿನ ಸಣ್ಣ ಊರು. ಅಲ್ಲಿನ ಶಾಲೆಯಲ್ಲಿ ಶೌಚಾಲಯದ ಮಾತು ಹಾಗಿರಲಿ, ಅದರ ಜಾಗದಲ್ಲಿ ಒಂದು ಇಟ್ಟಿಗೆಯೂ ಇರಲಿಲ್ಲ. ಇದ್ದದ್ದು ಜಾಲಿಗಿಡ. ಹುಡುಗಿಯರು ಬೆಳಗಿನಿಂದ ನೀರು ಕುಡಿಯದೆ ಸಂಜೆ ಮಾಡುತ್ತಿದ್ದರು.

ಪ್ರಶ್ನೆ ಕೇಳಿದ್ದ ಸದಸ್ಯೆ ಪುಷ್ಪಲತಾ ಎದ್ದು ನಿಂತರು. ಅವರು ಅಷ್ಟಕ್ಕೆಲ್ಲ ಬಿಡುವವರಲ್ಲ.

“ಸಭಾಧ್ಯಕ್ಷರೇ, ಹೋದ ತಿಂಗಳು ನಾನೇ ಆ ಶಾಲೆಗೆ ಹೋಗಿದ್ದೆ. ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಶೌಚಾಲಯ ಎಲ್ಲೂ ಕಾಣಲಿಲ್ಲ.”

ಸದನ ಗೊಳ್ಳೆಂದು ನಕ್ಕಿತು. ಮಂತ್ರಿಗಳು ನಗಲಿಲ್ಲ. “ತಾವು ಹಿಂಬದಿಗೆ ಹೋಗಿ ನೋಡಿಲ್ಲ,” ಎಂದರು.

ಶುರುವಾಯಿತು ನೋಡಿ ಗದ್ದಲ! ವಿರೋಧ ಪಕ್ಷದವರು ಸದನದ ಬಾವಿಗಿಳಿದರು. ಕಾಗದ ಹಾರಿದವು. ಕಲಾಪ ಹತ್ತು ನಿಮಿಷ ಮುಂದಕ್ಕೆ ಹೋಯಿತು. ಮತ್ತೆ ಸೇರಿದಾಗ ಸಭಾಧ್ಯಕ್ಷರು ಹೇಳಿದ್ದು ಇಷ್ಟೇ: ಮುಂದಿನ ಗುರುವಾರ ಮಂತ್ರಿಗಳೂ ಸದಸ್ಯೆಯೂ ಕೂಡಿ ಸ್ಥಳಕ್ಕೆ ಹೋಗಿ ನೋಡತಕ್ಕದ್ದು. ಸದನಕ್ಕೆ ಸುಳ್ಳು ಹೇಳಿದ್ದು ನಿಜವಾದರೆ ಹಕ್ಕುಚ್ಯುತಿ.

ಅಷ್ಟರಲ್ಲಿ ಫೋನು ಬಂತು. ಮೇಲಧಿಕಾರಿ. “ಗುರುವಾರ ಅಲ್ಲಿ ಶೌಚಾಲಯ ನಿಂತಿರಬೇಕು. ಇಲ್ಲಾಂದ್ರ ನೀವು ಅಮಾನತು.”

ಸಿದ್ದೇಶ ಜರೀನಾಳನ್ನು ಕರೆದು ಹರಿಹಾಯ್ದ. “ಇಲ್ಲದ್ದನ್ನ ಐತಿ ಅಂತ ಬರದೀರಲ್ಲ, ನಿಮ್ಮ ತಲಿ ನೆಟ್ಟಗೈತೇನು?”

“ತಪ್ಪಾತ್ರಿ ಸರ್,” ಜರೀನಾ ತಲೆ ತಗ್ಗಿಸಿದಳು. “ಆರು ವರ್ಷ ‘ಇಲ್ಲ’ ಅಂತ ಬರದು ಬರದು ಕೈ ಸೋತಿತ್ತು. ಈ ಸಲ ‘ಐತಿ’ ಅಂತ ಬಿತ್ತು.”

“ನಿಮ್ಮ ಕೈಗಿಷ್ಟು ಬೆಂಕಿ ಹಾಕ!”

ಬಯ್ಯಲು ಪುರುಸೊತ್ತಾದರೂ ಎಲ್ಲಿತ್ತು? ಕಡತ ಬೇಕಿತ್ತು. ಆಕೆ ಅದನ್ನು ಬಗಲಲ್ಲೇ ಹಿಡಿದು ಬಂದಿದ್ದಳು. ನಕ್ಷೆ ಇತ್ತು, ಅಂದಾಜು ಪಟ್ಟಿ ಇತ್ತು, ದರ ಕೂಡ ಈ ವರ್ಷದ್ದೇ. ಇದೊಂದರಲ್ಲಾದರೂ ಚುರುಕಿದ್ದಾಳಲ್ಲ ಎಂದು ಸಿದ್ದೇಶನಿಗೆ ಜೀವ ಬಂತು. ಕಡತದಲ್ಲಿ ಆರು ಕಡೆ ಅವನದೇ ಅಕ್ಷರ: ‘ಅನುದಾನ ಲಭ್ಯವಾದಾಗ ಪರಿಶೀಲಿಸಬಹುದು.’ ಆ ಅನುದಾನ ಈಗ ಮಧ್ಯಾಹ್ನದ ಚಹಾಕ್ಕೆ ಮುಂಚೆ ಬಂತು.

ಗುತ್ತಿಗೆದಾರ ಅಶ್ಫಾಕ ಮೂವತ್ತು ಆಳು ಹಚ್ಚಿದ. ಜಾಲಿ ಕಡಿದರು, ಗುಂಡಿ ತೋಡಿದರು, ಗೋಡೆ ಎಬ್ಬಿಸಿದರು. ಹೊಸ ಗೋಡೆ ಹಳೆಯದಾಗಿ ಕಾಣಲಿ ಎಂದು ಸಿದ್ದೇಶ ತಾನೇ ನಿಂತು ಕೆಮ್ಮಣ್ಣು ಎರಚಿಸಿದ. ಏಳು ದಿನ ಅವನು ಆ ಊರು ಬಿಟ್ಟು ಕದಲಲಿಲ್ಲ.

ಗುರುವಾರ ಕಾರುಗಳು ಬಂದವು. ಪುಷ್ಪಲತಾ ನಲ್ಲಿ ತಿರುಗಿಸಿದರು, ನೀರು ಬಂತು. ಚಿಲಕ ಹಾಕಿ ನೋಡಿದರು, ಬಿತ್ತು. ಆಚೆ ಹುಡುಗಿಯರು ಸಾಲಾಗಿ ನಿಂತಿದ್ದರು. ಮಂತ್ರಿಗಳು ತಮ್ಮ ಸ್ವಾಗತಕ್ಕೆಂದು ತಿಳಿದು ಕೈ ಮುಗಿದರು.

“ಲಗೂ ಸರೀರಿ ಸಾಹೇಬ್ರ,” ಮುಂದೆ ನಿಂತಿದ್ದ ಹುಡುಗಿ ಕಾವ್ಯಾ ಅಂದಳು. “ನಾವು ಪಾಳಿ ಹಚ್ಚೇವಿ.”

ಮರುದಿನ ಪುಷ್ಪಲತಾ ಸದನದಲ್ಲಿ ವಿಷಾದ ವ್ಯಕ್ತಪಡಿಸಿದರು. ಆಡಳಿತ ಪಕ್ಷ ಮೇಜು ಕುಟ್ಟಿತು. ಸಭಾಧ್ಯಕ್ಷರು ಮುಂದಿನ ಪ್ರಶ್ನೆಗೆ ಹೋದರು.

ಸಿದ್ದೇಶ ಬದುಕಿದೆಯಾ ಬಡಜೀವವೇ ಎಂದು ಉಸಿರುಬಿಟ್ಟ. ಆದರೆ ಇಂಥ ಪೆದ್ದಿಯನ್ನು ಕಟ್ಟಿಕೊಂಡು ನಿವೃತ್ತಿಯವರೆಗೆ ಏಗುವುದು ಹೇಗೆ? ಮೆಮೊ ಬರೆಯಲು ಜರೀನಾಳ ಸೇವಾ ಪುಸ್ತಕ ತೆರೆದ. ಒಳಗೆ ಹಳೆಯ ಮೆಮೊಗಳೇ ಎರಡಿದ್ದವು. ರಾಣೆಬೆನ್ನೂರು: ‘ಕಟ್ಟದ ಹೆರಿಗೆ ಕೋಣೆಯನ್ನು ಕಟ್ಟಲಾಗಿದೆ ಎಂದು ಸದನಕ್ಕೆ ಉತ್ತರ ಬರೆದಿದ್ದು.’ ಬ್ಯಾಡಗಿ: ‘ಮೆಣಸಿನಕಾಯಿ ತೊಟ್ಟು ಬಿಡಿಸುವ ಮಹಿಳೆಯರಿಗೆ ನೆರಳಿನ ಶೆಡ್ಡು ಪೂರ್ಣಗೊಂಡಿದೆ ಎಂದು ತಪ್ಪು ಮಾಹಿತಿ ನೀಡಿದ್ದು.’ ಎರಡು ತಪ್ಪಿಗೆ ಎರಡು ವರ್ಗಾವಣೆ. ಆ ಕೋಣೆ, ಆ ಶೆಡ್ಡು ಎರಡನ್ನೂ ಸಿದ್ದೇಶ ಕಣ್ಣಾರೆ ಕಂಡಿದ್ದ, ಗಟ್ಟಿಮುಟ್ಟಾಗಿ ನಿಂತಿದ್ದವು. ಈಕೆಯ ನಸೀಬು ಭಾರಿ ಚಲೋ ಎಂದುಕೊಂಡು ಮೂರನೆಯ ಮೆಮೊ ಬರೆದು ಸಹಿ ಹಾಕಿದ.

“ಸವಣೂರಿಗೆ ಹಾಕ್ರಿ ಅಂತ ಬರದೇನಿ,” ಎಂದ. “ಅಲ್ಲಿಯಾದರೂ ಕಣ್ಣು ತೆರೆದು ಕೆಲಸ ಮಾಡ್ರಿ.”

ಜರೀನಾ ಮೆಮೊ ಮಡಚಿ ಚೀಲದಲ್ಲಿಟ್ಟುಕೊಂಡಳು.

“ಆತ್ರಿ ಸರ್. ಸವಣೂರಾಗ ಇನ್ನೂ ಏನೇನು ಕಟ್ಟಿಲ್ಲ ಅನ್ನೋದರ ಪಟ್ಟಿ ಇದ್ದರ ಒಂದೀಟು ಕೊಡ್ರಿ.”